ಲ್ಯಾಂಡಿಂಗ್‌ನಲ್ಲಿ ಎಡಗಾಲಿನ ಸ್ಕೀ ಮಾತ್ರ ಕಳಚುತ್ತದೆ: ಡಿನ್ 11ಕ್ಕೆ ಏರಿಸಲೇ?

ಪ್ರಶ್ನೆ: ಊರು ಬಳ್ಳಾರಿ, ಮನೆ ಸಂಡೂರು ಕಡೆಯ ರಸ್ತೆಯಲ್ಲೇ. ಮೂರು ವರ್ಷದಿಂದ ಫೆಬ್ರವರಿಯಲ್ಲಿ ಗುಲ್ಮರ್ಗ್‌ಗೆ ಹೋಗುತ್ತಿದ್ದೇನೆ. ಹೋದ ವರ್ಷ ಸೆಕೆಂಡ್‌ಹ್ಯಾಂಡ್ ಟ್ವಿನ್ ಟಿಪ್ ಸ್ಕೀ (ಎರಡೂ ತುದಿ ಮೇಲಕ್ಕೆ ಬಾಗಿದ್ದು) ಕೊಂಡೆ. ಅದರ ಬೈಂಡಿಂಗ್, ಅಂದರೆ ಬೂಟನ್ನು ಸ್ಕೀಗೆ ಹಿಡಿದಿಡುವ ಸಾಧನ, 4ರಿಂದ 13ರವರೆಗಿನದು. ಎಷ್ಟು ಬಲಕ್ಕೆ ಬೂಟನ್ನು ಬಿಡಬೇಕು ಎಂಬ ಡಿನ್ ಅಂಕಿಯನ್ನು 7ಕ್ಕೆ ಇಟ್ಟಿದ್ದೇನೆ. ನನ್ನ ವಯಸ್ಸು 26, ತೂಕ 70 ಕೆ.ಜಿ., ಎತ್ತರ 174 ಸೆಂ.ಮೀ., ಬೂಟಿನ ಸೋಲ್ 315 ಮಿ.ಮೀ. ಸಣ್ಣ ಕಿಕ್ಕರ್‌ನಲ್ಲಿ (ಹಾರಲು ಕಟ್ಟಿದ ಹಿಮದ ದಿಬ್ಬ) 180 ಡಿಗ್ರಿ ತಿರುಗಿ ಇಳಿದಾಗಲೂ ನೋಸ್ ಬಟರ್ (ಸ್ಕೀ ಮೂತಿಯ ಮೇಲೆ ಭಾರ ಹಾಕಿ ಬಾಲ ಎತ್ತುವುದು) ಮಾಡುವಾಗಲೂ ಎಡಗಾಲಿನ ಸ್ಕೀ ಕಳಚಿಹೋಗುತ್ತದೆ. ಬಲಗಾಲಿನದು ಒಮ್ಮೆಯೂ ಬಿಟ್ಟಿಲ್ಲ. ಜೊತೆಯವರೆಲ್ಲ 11ಕ್ಕೆ ಏರಿಸು ಅನ್ನುತ್ತಾರೆ. ಏರಿಸಲೇ?

ಉತ್ತರ: ಬೇಡ. ನೀವು ಕೊಟ್ಟಿರುವ ಅಳತೆಗಳೇ ಬೇಡ ಅನ್ನುತ್ತಿವೆ. ಡಿನ್ ಕೋಷ್ಟಕದಲ್ಲಿ 67ರಿಂದ 78 ಕೆ.ಜಿ., 167ರಿಂದ 178 ಸೆಂ.ಮೀ. ಒಂದೇ ಸಾಲು. ನಿಮ್ಮ ಸೋಲ್ ಉದ್ದಕ್ಕೆ ಆ ಸಾಲಿನಲ್ಲಿ ಮೆಲ್ಲಗೆ ಜಾರುವವರಿಗೆ 5, ಸಾಧಾರಣ ವೇಗದವರಿಗೆ 6, ಜೋರಾಗಿ ಜಾರುವವರಿಗೆ 7 ಬರುತ್ತದೆ. ಅಂದರೆ ನೀವು ಈಗಾಗಲೇ ಜೋರಿನವರ ಅಂಕಿಯಲ್ಲೇ ಇದ್ದೀರಿ. ಇದೇ ಸೋಲ್ ಉದ್ದಕ್ಕೆ 95 ಕೆ.ಜಿ. ದಾಟಿದ, ಜೋರಾಗಿ ಜಾರುವ ಆಳಿಗೂ ಕೋಷ್ಟಕ ಕೊಡುವುದು 10ರ ಆಸುಪಾಸು. 70 ಕೆ.ಜಿ.ಯವರ ಕಾಲಿಗೆ 11 ಹಾಕಿದರೆ ಅದು ಬೈಂಡಿಂಗ್ ಆಗಿ ಉಳಿಯುವುದಿಲ್ಲ, ಬೋಲ್ಟ್ ಆಗುತ್ತದೆ. ಇನ್ನೊಂದು ಮಾತು, ಒಂದೇ ಅಂಕಿಯಲ್ಲಿ ಬಲದ ಸ್ಕೀ ಹಿಡಿದು ಎಡದ್ದು ಬಿಡುತ್ತಿದೆ ಎಂದರೆ ತಪ್ಪು ಅಂಕಿಯದ್ದಲ್ಲ. ಎರಡನ್ನೂ ಏರಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಬೈಂಡಿಂಗ್ ಹೇಗೆ ಹಿಡಿಯುತ್ತದೆ ಎಂಬುದು ಸ್ವಲ್ಪ ತಿಳಿದಿದ್ದರೆ ಹುಡುಕುವುದು ಸುಲಭ. ಬಾಗಿಲ ಅಗುಳಿಯ ಹಾಗೆ ಅದು ಇದ್ದರೆ ಇತ್ತು, ಬಿಟ್ಟರೆ ಬಿಟ್ಟಿತು ಅನ್ನುವ ಸಾಮಾನಲ್ಲ. ಹೊಡೆತ ಬಿದ್ದಾಗ ಬೂಟಿನ ಮೂತಿ ಟೋ ಪೀಸ್‌ನೊಳಗೆ ಪಕ್ಕಕ್ಕೆ ಕೆಲವು ಮಿಲಿಮೀಟರ್ ಸರಿಯುತ್ತದೆ, ಹಿಮ್ಮಡಿ ಹೀಲ್ ಪೀಸ್‌ನೊಳಗೆ ಮೇಲಕ್ಕೆ ಏಳುತ್ತದೆ. ಹೊಡೆತ ಮುಗಿದ ಕೂಡಲೇ ಸ್ಪ್ರಿಂಗ್ ಬೂಟನ್ನು ಮತ್ತೆ ನಡುವಿಗೆ ಎಳೆದು ತರುತ್ತದೆ. ಈ ಓಡಾಟಕ್ಕೆ ಇಲಾಸ್ಟಿಕ್ ಟ್ರಾವೆಲ್ ಅನ್ನುತ್ತಾರೆ. ಅದರ ಎಲ್ಲೆ ದಾಟಿದಾಗ ಮಾತ್ರ ಬೂಟು ಹೊರಬರುತ್ತದೆ. ಡಿನ್ ಅಂಕಿ ಹೇಳುವುದು ಆ ಎಲ್ಲೆ ದಾಟಲು ಎಷ್ಟು ಬಲ ಬೇಕು ಎಂಬುದನ್ನು. ಬೂಟು ಎಷ್ಟು ಬೇಗ, ಎಷ್ಟು ಸಲೀಸಾಗಿ ನಡುವಿಗೆ ಮರಳುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ನಿಮ್ಮ ಹಾಗೆ ಹಾರಿ ತಿರುಗುವ ಫ್ರೀಸ್ಟೈಲ್‌ನಲ್ಲಿ ಒಂದರ ಹಿಂದೆ ಒಂದು ಹೊಡೆತ ಬೀಳುತ್ತದೆ: ಇಳಿದಾಗ ಒಂದು, ಸ್ಕೀ ಪುಟಿದಾಗ ಇನ್ನೊಂದು, ಅಂಚು ಕಚ್ಚಿದಾಗ ಮತ್ತೊಂದು. ಮೊದಲ ಹೊಡೆತಕ್ಕೆ 6 ಮಿ.ಮೀ. ಪಕ್ಕಕ್ಕೆ ಸರಿದ ಬೂಟು ಮರಳದೆ ಅಲ್ಲೇ ನಿಂತಿದ್ದರೆ, ಎರಡನೆಯದು ಎಷ್ಟು ಸಣ್ಣದಿದ್ದರೂ ಸಾಕು, ಬೂಟು ಆಚೆ. ಕಾರಣವಿಲ್ಲದೆ ಕಳಚಿತು ಅನ್ನಿಸುವುದು ಇಂಥಲ್ಲೇ. ಹಾಗಾಗಿ ಬೂಟು ಮರಳುವ ದಾರಿಯಲ್ಲಿ ಏನು ಅಡ್ಡ ಬಂದಿದೆ ಎಂದು ಮೊದಲು ಹುಡುಕಿ, ಅಂಕಿಯ ಸ್ಕ್ರೂ ಕೊನೆಗಿರಲಿ.

ಮುಂದಿನ ಸಲ ಸ್ಕೀ ಕಳಚಿದಾಗ ಎತ್ತಿಕೊಂಡು ಮೊದಲು ಹೀಲ್ ಪೀಸ್ ನೋಡಿ. ಹಿಂಬದಿಯ ಲಿವರ್ ಕೆಳಗೆ ಬಿದ್ದು ಬಾಯಿ ತೆರೆದಿದ್ದರೆ ಬಿಟ್ಟಿದ್ದು ಹಿಮ್ಮಡಿ. ಲಿವರ್ ಮೇಲೇ ನಿಂತು, ಕಾಲು ಹಾಕಿದಾಗಿನಂತೆ ಮುಚ್ಚಿಕೊಂಡಿದ್ದರೆ ಬೂಟು ಮುಂದಿನಿಂದ ಪಕ್ಕಕ್ಕೆ ಜಾರಿದೆ, ಬಿಟ್ಟಿದ್ದು ಟೋ. ಮತ್ತೆ ಕಾಲು ಹಾಕುವ ಮುಂಚೆ ಇದನ್ನು ನೋಡಬೇಕು, ಹಾಕಿದ ಮೇಲೆ ಸಾಕ್ಷಿ ಉಳಿಯುವುದಿಲ್ಲ. ನೋಸ್ ಬಟರ್‌ನಲ್ಲಿ ಹಿಮ್ಮಡಿ, 180ರಲ್ಲಿ ಟೋ ಬಿಡುತ್ತಿದ್ದರೆ ಅವು ಎರಡು ಬೇರೆ ದೋಷಗಳಾಗಿರಬಹುದು. ಎರಡರಲ್ಲೂ ಹಿಮ್ಮಡಿಯೇ ಬಿಡುತ್ತಿದ್ದರೆ ಫಾರ್ವರ್ಡ್ ಪ್ರೆಷರ್, ಅಂದರೆ ಹೀಲ್ ಪೀಸ್ ಬೂಟನ್ನು ಮುಂದಕ್ಕೆ ಒತ್ತುವ ಬಲದ ಮೇಲೆ ಅನುಮಾನ ಪಡಿ.

ಇನ್ನೊಂದು ಪರೀಕ್ಷೆಗೆ ಖರ್ಚೇ ಇಲ್ಲ. ಟ್ವಿನ್ ಟಿಪ್‌ಗೆ ಎಡ ಬಲ ಇಲ್ಲ, ಆದ್ದರಿಂದ ಎಡದ ಸ್ಕೀ ಬಲಗಾಲಿಗೆ, ಬಲದ್ದು ಎಡಗಾಲಿಗೆ ಹಾಕಿ ಅದೇ ಕಿಕ್ಕರ್‌ನಲ್ಲಿ ನಾಲ್ಕೈದು ಸಲ ಇಳಿಯಿರಿ. ಕಳಚುವ ಚಾಳಿ ಸ್ಕೀ ಜೊತೆ ಬಲಗಾಲಿಗೆ ಹೋದರೆ ದೋಷ ಬೈಂಡಿಂಗ್‌ನದ್ದು. ಎಡಗಾಲಲ್ಲೇ ಉಳಿದರೆ ಎಡದ ಬೂಟಿನದ್ದು, ಇಲ್ಲವೇ ನೀವು ಇಳಿಯುವ ರೀತಿಯದ್ದು. ಬದಲಿಸುವ ಮುಂಚೆ ಎರಡೂ ಬೈಂಡಿಂಗ್‌ನ ಟೋ, ಹೀಲ್ ಎರಡರಲ್ಲೂ ಒಂದೇ ಅಂಕಿ ಇದೆಯೇ, ಎರಡೂ ಬೂಟು ಸರಿಯಾಗಿ ಕೂರುತ್ತವೆಯೇ ಎಂದು ನೋಡಿಕೊಳ್ಳಿ. ಸೆಕೆಂಡ್‌ಹ್ಯಾಂಡ್ ಜೋಡಿಯಲ್ಲಿ ಅಂಕಿ ತೋರಿಸುವ ನಾಲ್ಕು ಕಿಟಕಿಯಲ್ಲಿ ಮೂರು ಬೇರೆ ಬೇರೆ ಅಂಕಿ ಕಾಣುವುದು ಅಪರೂಪವಲ್ಲ.

ಈಗ ಫಾರ್ವರ್ಡ್ ಪ್ರೆಷರ್. ಸೆಕೆಂಡ್‌ಹ್ಯಾಂಡ್ ಸ್ಕೀಯಲ್ಲಿ ಹೆಚ್ಚಾಗಿ ತಪ್ಪಿರುವುದು ಇದೇ. ಹೀಲ್ ಪೀಸ್ ಸ್ಕೀ ಮೇಲೆ ಅಲುಗದಂತೆ ಕೂತಿರುವುದಿಲ್ಲ. ಒಂದು ಹಳಿಯ ಮೇಲೆ ಸ್ಪ್ರಿಂಗ್ ಬಲದಿಂದ ಬೂಟನ್ನು ಸದಾ ಟೋ ಕಡೆಗೆ ಒತ್ತುತ್ತಿರುತ್ತದೆ. ಸ್ಕೀ ಬಿಲ್ಲಿನ ಹಾಗೆ ಬಾಗಿ ಎರಡು ತುದಿ ಮೇಲೆದ್ದಾಗ ಟೋ ಮತ್ತು ಹೀಲ್ ಹತ್ತಿರ ಬರುತ್ತವೆ, ಹೀಲ್ ಪೀಸ್ ಹಿಂದೆ ಸರಿದು ಜಾಗ ಕೊಡುತ್ತದೆ. ಕಿಕ್ಕರ್‌ನ ಇಳಿಜಾರು ಮುಟ್ಟದೆ ಗುಪ್ಪೆಯ ನೆತ್ತಿಯ ಮೇಲೇ ಇಳಿದಾಗ ಉಲ್ಟಾ: ತುದಿಗಳು ಕೆಳಗೆ ಬಾಗುತ್ತವೆ, ಟೋ ಮತ್ತು ಹೀಲ್ ದೂರವಾಗುತ್ತವೆ, ಹೀಲ್ ಪೀಸ್ ಮುಂದೆ ಬಂದು ಬೂಟನ್ನು ಹಿಂಬಾಲಿಸಬೇಕು. ಒತ್ತಡ ಕಡಿಮೆಯಿದ್ದರೆ ಅದು ಹಿಂಬಾಲಿಸುವುದಿಲ್ಲ, ಅರೆ ಕ್ಷಣ ಬೂಟಿನ ಹಿಂದೆ ಸಂದಿ ಬಿಡುತ್ತದೆ. ಆ ಅರೆ ಕ್ಷಣದಲ್ಲಿ ಡಿನ್ 7 ಇದ್ದರೇನು, 13 ಇದ್ದರೇನು, ಹಿಡಿಯುವುದಕ್ಕೆ ಅಂಚೇ ಸಿಕ್ಕಿರುವುದಿಲ್ಲ.

ಪರೀಕ್ಷಿಸುವುದು ಹೀಗೆ. ಸ್ಕೀಯನ್ನು ಮೇಜಿನ ಮೇಲಿಟ್ಟು ಬೂಟಿನ ಸೋಲ್ ಒರೆಸಿ ಒಣಗಿಸಿ. ಖಾಲಿ ಬೂಟಿನ ಮೂತಿಯನ್ನು ಟೋಗೆ ಕೂರಿಸಿ, ಹಿಮ್ಮಡಿಯನ್ನು ಅಂಗೈಯಿಂದ ಒತ್ತಿ ಟಕ್ ಅನ್ನುವವರೆಗೆ ಮುಚ್ಚಿ. ಆಮೇಲೆ ಹೀಲ್ ಪೀಸ್‌ನ ಹಿಂಭಾಗಕ್ಕೆ ಕಣ್ಣು ಹಾಕಿ. ಮಾರ್ಕರ್ ಗ್ರಿಫನ್ ಬಗೆಯದ್ದಾದರೆ ಹಿಂದಿನ ಸ್ಕ್ರೂ ತಲೆ ಪ್ಲಾಸ್ಟಿಕ್ ಮೈಗೆ ಸಮನಾಗಿ ನಿಂತಿರಬೇಕು. ಹೊರಗೆ ಚಾಚಿಕೊಂಡಿದ್ದರೂ ಒಳಗೆ ಹೂತುಹೋಗಿದ್ದರೂ ತಪ್ಪು. ಕೆಲವು ಕಂಪನಿಗಳಲ್ಲಿ ಹಳಿಯ ಮೇಲೆ ಸಣ್ಣ ಕಿಟಕಿ, ಅದರೊಳಗೆ ಗುರುತಿನ ಮುಳ್ಳು ಇರುತ್ತದೆ. ಲುಕ್ ಪಿವಟ್‌ನಲ್ಲಿ ತಿರುಗುಚಕ್ರದ ಹಿಂದೆ ಪುಟ್ಟ ನಾಲಿಗೆ. ನಿಮ್ಮ ಮಾಡೆಲ್‌ನ ಕೈಪಿಡಿಯಲ್ಲಿ ಚಿತ್ರ ಇದ್ದೇ ಇರುತ್ತದೆ, ಅದನ್ನು ಫೋನಿನಲ್ಲಿ ಇಟ್ಟುಕೊಳ್ಳಿ. ಸ್ಕ್ರೂವನ್ನು ಅರ್ಧ ಸುತ್ತು ತಿರುಗಿಸಿ, ಬೂಟು ತೆಗೆದು, ಮತ್ತೆ ಹಾಕಿ, ಮತ್ತೆ ನೋಡಿ. ಬೂಟು ತೆಗೆಯದೆ ಒಂದೇ ಸಮ ತಿರುಗಿಸುತ್ತ ಹೋದರೆ ಗುರುತು ಸುಳ್ಳು ಹೇಳುತ್ತದೆ. ಎಡ ಬಲ ಬೇರೆ ಬೇರೆಯಾಗಿ, ಆಯಾ ಬೂಟಿನಿಂದಲೇ ಮಾಡಿ. ಹೆಚ್ಚು ಒತ್ತಿದರೆ ಇನ್ನೂ ಭದ್ರ ಅಂದುಕೊಳ್ಳುವುದೂ ತಪ್ಪೇ: ಅತಿ ಒತ್ತಡದಲ್ಲಿ ಹೀಲ್ ಪೀಸ್‌ಗೆ ಹಿಂದೆ ಸರಿಯಲು ಜಾಗ ಉಳಿಯುವುದಿಲ್ಲ, ಬಿಡಬೇಕಾದಾಗ ಬಿಡುವುದಿಲ್ಲ.

ಇನ್ನು ನಿಮ್ಮೂರಿನದ್ದೇ ಕಾಯಿಲೆ: ಕೆಂಧೂಳು. ಬೂಟಿನ ಮೂತಿಯ ಕೆಳಗೆ, ಟೋ ಪೀಸ್‌ನ ಹಿಂದೆ, ನುಣುಪಾದ ಒಂದು ಪಟ್ಟಿ ಇದೆ. ಎಎಫ್‌ಡಿ ಅನ್ನುತ್ತಾರೆ, ಬೂಟು ಪಕ್ಕಕ್ಕೆ ಜಾರಿ ಮರಳುವುದು ಇದರ ಮೇಲೆ. ಕೆಲವದರಲ್ಲಿ ಅಂಟಿಸಿದ ಟೆಫ್ಲಾನ್ ಪಟ್ಟಿ, ಕೆಲವದರಲ್ಲಿ ಎಡಕ್ಕೂ ಬಲಕ್ಕೂ ಜರುಗುವ ತಟ್ಟೆ. ಸಂಡೂರು, ತೋರಣಗಲ್ಲು ಕಡೆಯ ಗಾಳಿಯಲ್ಲಿ ಬರುವುದು ಬರೀ ಮಣ್ಣಲ್ಲ, ಅದಿರಿನ ಪುಡಿ. ಹೆಮಟೈಟ್ ಗಟ್ಟಿ ಖನಿಜ. ಗ್ರೀಸ್ ಜೊತೆ ಸೇರಿದರೆ ಗ್ಯಾರೇಜಿನಲ್ಲಿ ವಾಲ್ವ್ ಉಜ್ಜಲು ಬಳಸುವ ಪೇಸ್ಟ್‌ನ ಹಾಗೆ ಕೆಲಸ ಮಾಡುತ್ತದೆ. ಹನ್ನೊಂದು ತಿಂಗಳು ಅಟ್ಟದ ಮೇಲೆ ಬಿದ್ದಿದ್ದ ಸ್ಕೀಯಲ್ಲಿ ಜರುಗುವ ತಟ್ಟೆ ಅರ್ಧ ದಾರಿಯಲ್ಲಿ ನಿಂತುಬಿಡುವುದು, ಟೆಫ್ಲಾನ್ ಮೇಲೆ ಗೀರು ಬೀಳುವುದು ಇದರಿಂದಲೇ. ರಾಯಚೂರಿನ ಶಕ್ತಿನಗರದ ಸುತ್ತ ಹಾರುಬೂದಿ, ಗಂಗಾವತಿಯ ರೈಸ್‌ಮಿಲ್ ಓಣಿಗಳಲ್ಲಿ ಹೊಟ್ಟಿನ ಬೂದಿ. ಹೆಸರು ಬೇರೆ, ಕಿತಾಪತಿ ಒಂದೇ.

ಕೈಯಿಂದಲೇ ನೋಡಬಹುದು. ಬೂಟು ಹಾಕಿ ಮುಚ್ಚಿದ ಸ್ಕೀಯನ್ನು ನೆಲಕ್ಕೆ ಒತ್ತಿ ಹಿಡಿಯಲು ಒಬ್ಬರಿಗೆ ಹೇಳಿ. ಬೂಟಿನ ಮೂತಿಗೆ ಪಕ್ಕದಿಂದ ರಬ್ಬರ್ ಸುತ್ತಿಗೆಯಲ್ಲಿ ಒಂದು ಸಾಧಾರಣ ಏಟು ಕೊಡಿ. ಮೂತಿ ಸ್ವಲ್ಪ ಅಲುಗಿ ಫಟ್ಟನೆ ನಡುವಿಗೆ ಬರಬೇಕು. ಇನ್ನೊಂದು ಕಡೆಯಿಂದಲೂ ಹಾಗೇ ಮಾಡಿ. ಸರಿದಲ್ಲೇ ನಿಂತರೆ, ಅಥವಾ ನಿಧಾನಕ್ಕೆ ತೆವಳಿಕೊಂಡು ಬಂದರೆ, ನೀವು ಹುಡುಕುತ್ತಿದ್ದ ಕಳ್ಳ ಸಿಕ್ಕ. ಎಡದ್ದನ್ನೂ ಬಲದ್ದನ್ನೂ ಒಂದಾದ ಮೇಲೊಂದು ಹೊಡೆದು ನೋಡಿದರೆ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ.

ತೊಳೆಯಲು ಉಗುರುಬೆಚ್ಚಗಿನ ನೀರು, ಹಳೆ ಟೂತ್‌ಬ್ರಷ್, ಹತ್ತಿ ಬಟ್ಟೆ ಸಾಕು. ಬ್ರಷ್ಷಿನಲ್ಲಿ ಎಎಫ್‌ಡಿ ಸಂದಿ, ಟೋದ ರೆಕ್ಕೆಗಳ ಬುಡ, ಹೀಲ್ ಪೀಸ್ ಜಾರುವ ಹಳಿ, ಬ್ರೇಕಿನ ಪೆಡಲ್ ಇಷ್ಟನ್ನೂ ಉಜ್ಜಿ, ಒರೆಸಿ, ನೆರಳಲ್ಲಿ ಒಣಗಿಸಿ. ಬೈಕ್ ವಾಟರ್ ಸರ್ವಿಸ್‌ನವರ ಪ್ರೆಷರ್ ಪೈಪ್ ಕೆಳಗೆ ಮಾತ್ರ ಇಡಬೇಡಿ, ಒಳಗಿನ ಗ್ರೀಸ್ ಕಿತ್ತು ಆ ಜಾಗಕ್ಕೆ ಧೂಳು ನೀರು ತುಂಬುತ್ತದೆ. ಪೆಟ್ರೋಲ್, ಸೀಮೆಎಣ್ಣೆ, ತುಕ್ಕು ಬಿಡಿಸುವ ಸ್ಪ್ರೇ ಕೂಡ ಬೇಡ, ಅವೂ ಕಾರ್ಖಾನೆಯ ಗ್ರೀಸನ್ನು ಕರಗಿಸುತ್ತವೆ. ಬಿಗಿಯಾಯಿತು ಅಂತ ಕೊಬ್ಬರಿ ಎಣ್ಣೆ ಬಿಡುವವರಿದ್ದಾರೆ. ಅದು 24 ಡಿಗ್ರಿಯ ಆಸುಪಾಸಿನಲ್ಲೇ ಹೆಪ್ಪುಗಟ್ಟುತ್ತದೆ. ಬಳ್ಳಾರಿಯ 40 ಡಿಗ್ರಿಯಲ್ಲಿ ನೀರಿನಂತೆ ಓಡಾಡುವ ಎಣ್ಣೆ ಗುಲ್ಮರ್ಗ್‌ನ ಬೆಳಗಿನಲ್ಲಿ ಮೇಣವಾಗಿ ಕೂತಿರುತ್ತದೆ, ಅಂಗಳದಲ್ಲಿ ಸಲೀಸಾಗಿ ಆಡಿದ ಬೈಂಡಿಂಗ್ ಹಿಮದಲ್ಲಿ ಬಿಮ್ಮನೆ ನಿಲ್ಲುತ್ತದೆ. ಗ್ರೀಸ್ ಬೇಕೇ ಬೇಕಾದರೆ ಬೈಂಡಿಂಗ್ ಕಂಪನಿ ಹೇಳಿದ್ದನ್ನೇ, ಹೇಳಿದ ಜಾಗಕ್ಕೆ ಮಾತ್ರ ಹಚ್ಚಿ. ಎಎಫ್‌ಡಿ ಮೇಲೆ ಏನೂ ಹಚ್ಚಬಾರದು. ಟೆಫ್ಲಾನ್ ಪಟ್ಟಿ ಎದ್ದಿದ್ದರೆ, ಉಗುರಿಗೆ ಸಿಗುವಷ್ಟು ಆಳ ಗೀರು ಬಿದ್ದಿದ್ದರೆ ಆ ಬಿಡಿಭಾಗ ಬದಲಿಸಿ.

ಮನೆಯಲ್ಲಿ ಇಡುವಾಗ ಬರೀ ಮೈಯಲ್ಲಿ ಗೋಡೆಗೆ ಒರಗಿಸಬೇಡಿ, ತಗಡಿನ ಶೀಟ್ ಕೆಳಗಂತೂ ಬೇಡ. ಒಂದು ಉದ್ದನೆ ಜೀನ್ಸ್ ಚೀಲ ಹೊಲಿಸಿ ಅದರಲ್ಲಿಡಿ. ಬಳ್ಳಾರಿಯಲ್ಲಿ ಕೂತು ಇದಕ್ಕೆ ಬಟ್ಟೆ ಎಲ್ಲಿ ಸಿಗುತ್ತದೆ ಎಂದು ನೀವು ಕೇಳುವ ಹಾಗಿಲ್ಲ. ಸ್ಪ್ರಿಂಗ್ ಸಡಿಲಾಗಿರಲಿ ಎಂದು ಬೇಸಿಗೆಗೆ ಡಿನ್ ಇಳಿಸುವುದೂ ಬೇಕಿಲ್ಲ. ಫೆಬ್ರವರಿಯಲ್ಲಿ ಏರಿಸಲು ಮರೆತರೆ ಆಗುವ ಹಾನಿಯೇ ದೊಡ್ಡದು.

ಬೂಟಿನ ಕಡೆ ಬರೋಣ, ಯಾಕೆಂದರೆ ಕಳಚುವ ಚಾಳಿ ಎಡಗಾಲಲ್ಲೇ ಉಳಿದರೆ ಮೊದಲು ನೋಡಬೇಕಾದ್ದು ಇದನ್ನೇ. ಹಳೆ ಬಗೆಯ ಆಲ್ಪೈನ್ ಸೋಲ್ ಐಎಸ್‌ಒ 5355 ಪ್ರಕಾರದ್ದು: ಮೂತಿಯ ಅಂಚು ಕೆಳಗಿನಿಂದ 19 ಮಿ.ಮೀ. ಎತ್ತರ, ಹಿಮ್ಮಡಿಯ ಅಂಚು 30 ಮಿ.ಮೀ., ಎರಡಕ್ಕೂ ಒಂದು ಮಿಲಿಮೀಟರ್ ಹೆಚ್ಚುಕಡಿಮೆ ಮಾತ್ರ ಮಾಫಿ. ಊರಿನ ಯಾವ ಲೇತ್ ಅಂಗಡಿಗೆ ಹೋದರೂ ವರ್ನಿಯರ್ ಇರುತ್ತದೆ, ಎರಡೂ ಬೂಟು ಅಳೆಸಿ. ಸಿಮೆಂಟು, ಕಲ್ಲಿನ ಮೆಟ್ಟಿಲ ಮೇಲೆ ಸ್ಕೀ ಬೂಟಿನಲ್ಲೇ ಓಡಾಡುವವರ ಸೋಲ್ ಮೂತಿಯಲ್ಲಿ ಸವೆದು ದುಂಡಗಾಗಿರುತ್ತದೆ. ಕಾರು ಓಡಿಸುವಾಗಲೋ ಮೆಟ್ಟಿಲು ಇಳಿಯುವಾಗಲೋ ಒಂದೇ ಕಾಲು ಊರುವ ಅಭ್ಯಾಸವಿದ್ದರೆ ಒಂದೇ ಬೂಟು ಸವೆಯುತ್ತದೆ. ಸವೆದ ಸೋಲ್ ಎಎಫ್‌ಡಿ ಮೇಲೆ ಕೂರದೆ ತೇಲುತ್ತದೆ, ಬೂಟು ಮೇಲಕ್ಕೂ ಕೆಳಕ್ಕೂ ಆಡುತ್ತದೆ. ಬಿಚ್ಚಿ ಹಾಕುವ ಸೋಲ್ ಆದರೆ ಮುಂದಿನ ತುಂಡು ಬದಲಿಸಿ, ಇಲ್ಲದಿದ್ದರೆ ಆ ಬೂಟಿನ ಕಾಲ ಮುಗಿಯಿತು.

ಬೂಟು ಹೊಸದಾಗಿದ್ದು ಬೈಂಡಿಂಗ್ ಹಳೆಯದಾದರೆ ಇನ್ನೊಂದು ತೊಡಕು. ಈಗಿನ ಬಹಳ ಬೂಟುಗಳಿಗೆ ಗ್ರಿಪ್‌ವಾಕ್ ಸೋಲ್ ಇರುತ್ತದೆ, ಅದು ಐಎಸ್‌ಒ 23223 ಪ್ರಕಾರದ್ದು. ಮೂತಿ ಮೇಲಕ್ಕೆ ಬಾಗಿ, ಅಡಿಯಲ್ಲಿ ರಬ್ಬರ್ ಇರುತ್ತದೆ. ಹಳೆ ಸೋಲ್‌ಗೆ ಮಾತ್ರ ಮಾಡಿದ ಟೋ ಪೀಸ್‌ಗೆ ಅದು ಕಣ್ಣಿಗೆ ಕೂತ ಹಾಗೆ ಕಂಡರೂ ಸರಿಯಾಗಿ ಜಾರುವುದಿಲ್ಲ. ಬೈಂಡಿಂಗ್ ಮೇಲೆ ಗ್ರಿಪ್‌ವಾಕ್ ಗುರುತು ಇದೆಯೇ ನೋಡಿ. ಟೋದ ಎತ್ತರ ಹೊಂದಿಸುವ ಸ್ಕ್ರೂ ಇರುವ ಮಾಡೆಲ್‌ನಲ್ಲಿ ಬೂಟು ಮುಚ್ಚಿದ ಮೇಲೆ ಸೋಲ್ ಮತ್ತು ಎಎಫ್‌ಡಿ ನಡುವೆ ಒಂದು ವಿಸಿಟಿಂಗ್ ಕಾರ್ಡ್ ಸ್ವಲ್ಪ ಬಿಗಿಯಾಗಿ ಎಳೆದರೆ ಬರಬೇಕು, ಅಂದರೆ ಅರ್ಧ ಮಿಲಿಮೀಟರ್ ಒಳಗಿನ ಸಂದಿ. ಸಲೀಸಾಗಿ ಜಾರಿ ಬಂದರೆ ಎತ್ತರ ಹೆಚ್ಚಾಗಿದೆ. ಹರಿದು ಬಂದರೆ ಬೂಟು ಎಎಫ್‌ಡಿಗೆ ಅಮುಕಿಕೊಂಡಿದೆ.

ಸ್ಕ್ರೂ ಸಡಿಲವಾಗಿದೆಯೇ ಎಂದು ನೋಡಲು ಹೀಲ್ ಪೀಸನ್ನು ಮುಷ್ಟಿಯಲ್ಲಿ ಹಿಡಿದು ಮೇಲಕ್ಕೆತ್ತಿ ಅಲ್ಲಾಡಿಸಿ. ಬುಡದಲ್ಲಿ ಕೂದಲೆಳೆ ಸಂದಿ ಬಿಟ್ಟರೂ ಸ್ಕ್ರೂ ಎದ್ದಿದೆ. ಅವು ಪೋಜಿಡ್ರೈವ್ 3ರ ತಲೆಯವು, ಅಂಗಡಿಯ ಸಾಮಾನ್ಯ ಸ್ಟಾರ್ ಸ್ಕ್ರೂಡ್ರೈವರ್ ಹಾಕಿದರೆ ತಲೆ ಸವೆದುಹೋಗುತ್ತದೆ. ಕೈಯಲ್ಲೇ ಬಿಗಿ ಮಾಡಿ. ಬಿಗಿಯಾಗದೆ ಸುಮ್ಮನೆ ಸುತ್ತುತ್ತಿದ್ದರೆ ಒಳಗಿನ ಮರ ತಿಂದಿದೆ, ಅದು ವರ್ಕ್‌ಶಾಪಿನ ಕೆಲಸ.

ಗುಲ್ಮರ್ಗ್‌ನಲ್ಲಿ ಮೆತ್ತನೆ ಹಿಮದಲ್ಲಿ ಬಿದ್ದೆದ್ದು ಮತ್ತೆ ಕಾಲು ಹಾಕುವಾಗ ಸೋಲ್ ಕೆಳಗೆ ಹಿಮ ಒತ್ತಿಕೊಂಡಿರುತ್ತದೆ. ಹೀಲ್ ಟಕ್ ಅನ್ನುತ್ತದೆ, ಆದರೆ ಬೂಟು ಎರಡು ಮಿಲಿಮೀಟರ್ ಎತ್ತರದಲ್ಲಿ ಕೂತಿರುತ್ತದೆ. ಪೋಲ್ ತುದಿಯಿಂದ ಸೋಲ್ ಕೆರೆದು, ಎಎಫ್‌ಡಿಯನ್ನು ಗ್ಲೌಸಿನಲ್ಲಿ ಒರೆಸಿ, ಕಾಲು ಹಾಕಿದ ಮೇಲೆ ಹಿಮ್ಮಡಿಯನ್ನು ಎರಡು ಸಲ ನೆಲಕ್ಕೆ ಕುಟ್ಟಿ.

ಇಷ್ಟೆಲ್ಲ ಸರಿ ಇದ್ದೂ ಕಳಚಿದರೆ ಇಳಿಯುವ ರೀತಿ ನೋಡಬೇಕು. 180 ಅನ್ನುವುದು 150ಕ್ಕೇ ನಿಂತು ಸ್ಕೀ ಓರೆಯಾಗಿ ನೆಲ ಮುಟ್ಟಿದರೆ ಅಂಚು ಕಚ್ಚಿ ಟೋ ಮೇಲೆ ಪಕ್ಕದ ಹೊಡೆತ ಬೀಳುತ್ತದೆ. ನೀವು ಸದಾ ಒಂದೇ ಕಡೆಗೆ ತಿರುಗುತ್ತಿದ್ದರೆ ಆ ಹೊಡೆತ ಸದಾ ಒಂದೇ ಕಾಲಿಗೆ ಬೀಳಬಹುದು. ಇನ್ನೊಂದು ಕಡೆಗೆ ತಿರುಗಿ ನೋಡಿ. ಆಗ ಬಲಗಾಲಿನದು ಕಳಚಲು ಶುರುವಾದರೆ ಬೈಂಡಿಂಗ್ ಮೇಲೆ ಹೊರಿಸಿದ ಆರೋಪ ಹಿಂದಕ್ಕೆ ಪಡೆಯಬೇಕು. ನೋಸ್ ಬಟರ್‌ನಲ್ಲಿ ಮೈಯೆಲ್ಲ ಸ್ಕೀ ಮೂತಿಯ ಮೇಲೆ ವಾಲುತ್ತದೆ, ಬಾಲ ಗಾಳಿಯಲ್ಲಿರುತ್ತದೆ, ಬೂಟಿನ ಹಿಮ್ಮಡಿ ಹೀಲ್ ಪೀಸನ್ನು ಮೇಲಕ್ಕೆ ಎಳೆಯುತ್ತದೆ. ನಿಧಾನವಾಗಿ ಒತ್ತಡ ಹೇರಿದರೆ ಸ್ಕೀ ಬಾಗಿ ಅದನ್ನು ತಡೆದುಕೊಳ್ಳುತ್ತದೆ. ಎಗರಿ ಮೂತಿಯ ಮೇಲೆ ಕುಕ್ಕಿದರೆ ಸ್ಕೀ ಬಾಗುವ ಮುಂಚೆಯೇ ಹೊಡೆತ ಹಿಮ್ಮಡಿಗೆ ತಲುಪುತ್ತದೆ. ಆರಾಮಕ್ಕೆಂದು ಬೂಟಿನ ಮೇಲಿನ ಎರಡು ಬಕಲ್ ಸಡಿಲ ಬಿಡುವ ಅಭ್ಯಾಸ ಕಿಕ್ಕರ್‌ಗಳಿರುವ ಪಾರ್ಕಿನಲ್ಲಿ ಜಾರುವವರಲ್ಲಿ ಬಹಳ. ಸಡಿಲ ಬೂಟಿನೊಳಗೆ ಕಾಲು ಮೊದಲು ಓಡಾಡಿ ಆಮೇಲೆ ಗೋಡೆಗೆ ಗುದ್ದುತ್ತದೆ. ಒಂದು ಸಮನಾದ ಒತ್ತಡವಾಗಬೇಕಿದ್ದದ್ದು ಗುದ್ದಾಗುತ್ತದೆ. ಬೂಟಿನ ಮೇಲ್ತುದಿಯ ಅಗಲ ಪಟ್ಟಿ, ಪವರ್ ಸ್ಟ್ರಾಪ್, ಒಂದನ್ನಾದರೂ ಎಳೆದು ಕಟ್ಟಿ.

ಕೊನೆಗೂ ಅಂಕಿ ಏರಿಸಬೇಕೆನಿಸಿದರೆ ಒಮ್ಮೆಗೆ ಅರ್ಧ, 7ರಿಂದ 7.5. ಟೋ ಬಿಡುತ್ತಿದ್ದರೆ ಟೋ ಮಾತ್ರ, ಹಿಮ್ಮಡಿ ಬಿಡುತ್ತಿದ್ದರೆ ಹಿಮ್ಮಡಿ ಮಾತ್ರ, ಎರಡೂ ಕಾಲಿಗೆ ಸಮವಾಗಿ. ಅಷ್ಟು ಮಾಡಿ ಒಂದು ದಿನ ಜಾರಿ ನೋಡಿ. 8 ದಾಟುವ ಮುಂಚೆ ಟಾರ್ಕ್ ಅಳೆಯುವ ಯಂತ್ರವಿರುವ ಅಂಗಡಿಗೆ ಒಯ್ದು, ಎಡ ಬಲ ಎರಡೂ ನಿಜಕ್ಕೂ ಎಷ್ಟು ಬಲಕ್ಕೆ ಬಿಡುತ್ತವೆ ಎಂದು ಬರೆಸಿಕೊಳ್ಳಿ. ಕಿಟಕಿಯಲ್ಲಿ 7 ಎಂದು ಕಂಡರೂ ದಣಿದ ಸ್ಪ್ರಿಂಗ್ ಅದಕ್ಕಿಂತ ಕಡಿಮೆ ಬಲಕ್ಕೆ ಬಿಡುವುದುಂಟು. ಆ ಅಂಕಿಗಳ ಲೆಕ್ಕ ಮೊಣಕಾಲ ಕೆಳಗಿನ ಎಲುಬು ತಡೆಯುವ ತಿರುಚಿನ ಮೇಲೆ ನಿಂತಿದೆ. ಹಿಂದಕ್ಕೆ ವಾಲಿ ಬಾಲದ ಮೇಲೆ ಇಳಿದಾಗ ಮೊಣಕಾಲಿನ ಲಿಗಮೆಂಟ್ ಹರಿಯುವುದನ್ನು ಯಾವ ಅಂಕಿಯೂ ಖಾತರಿಯಾಗಿ ತಡೆಯುವುದಿಲ್ಲ. ಏರಿಸಿದ ಅಂಕಿ ಸೇಡು ತೀರಿಸಿಕೊಳ್ಳುವುದು ಕಿಕ್ಕರ್‌ನಲ್ಲೂ ಅಲ್ಲ, ಸಂಜೆ ಲಿಫ್ಟ್ ಸಾಲಿನ ಹತ್ತಿರ ಮೆಲ್ಲಗೆ ತಿರುಚಿ ಬೀಳುವಾಗ.

ಯಂತ್ರದಲ್ಲಿ ಎಡದ್ದು ಬಲದ್ದಕ್ಕಿಂತ ಎದ್ದು ಕಾಣುವಷ್ಟು ಬೇಗ ಬಿಟ್ಟರೆ, ತೊಳೆದು ಮತ್ತೆ ಅಳೆದರೂ ಹಾಗೇ ಬಂದರೆ, ಒಂದನ್ನೇ ಬದಲಿಸಬೇಡಿ, ಜೋಡಿಯನ್ನೇ ಬದಲಿಸಿ. ಹೊಸದಕ್ಕೆ ನಿಮ್ಮ ಅಂಕಿ ವ್ಯಾಪ್ತಿಯ ನಡುವೆ ಬೀಳುವ ಹಾಗಿರಲಿ: 4ರಿಂದ 13ರದ್ದು ನಿಮಗೆ ಸರಿ, 6ರಿಂದ 16ರದ್ದರಲ್ಲಿ 7 ತೀರ ತಳಕ್ಕೆ ಬೀಳುತ್ತದೆ. ಹೊಸ ತೂತು ಹಳೆ ತೂತಿನಿಂದ ನಡುವಿನಿಂದ ನಡುವಿಗೆ ಕನಿಷ್ಠ 10 ಮಿ.ಮೀ. ದೂರವಿರಬೇಕು. ಹಳೆಯವನ್ನು ಪ್ಲಗ್ ಹಾಕಿ ಎಪಾಕ್ಸಿಯಿಂದ ಮುಚ್ಚಿಸಿ, ಇಲ್ಲವಾದರೆ ಕರಗಿದ ಹಿಮ ಒಳಗಿಳಿದು ಮರ ಕೊಳೆಯುತ್ತದೆ.